ಹದಿನೇಳನೇ ನಂಬರಿನ ಬೀಟೆ

ಮರ ಕುಯ್ಯುವುದು ನನ್ನ ಕಸುಬು. ಮೂವತ್ತು ವರ್ಷ ಬೇರೆಯವರ ಮರ ಕುಯ್ದೆ. ಆಗ ಯಾರೂ ನನ್ನ ಹೆಸರು ಕೇಳಲಿಲ್ಲ. ನನ್ನ ಹೆಂಡತಿಯ ಮೇಲೆ ಬಿದ್ದ ಮರ ಕುಯ್ದೆ. ಆಗ ನನ್ನ ಹೆಸರು, ಅಪ್ಪನ ಹೆಸರು, ಜಾತಿ, ವಯಸ್ಸು ಎಲ್ಲ ಬರೆದುಕೊಂಡರು. ಕೇಸು ಹಾಕಿದರು.

ನಾನು ರಾಚ. ತಮಿಳು ಸೀಮೆಗೆ ಸೇರಿದ ತಾಳವಾಡಿ ಬೆಟ್ಟದ ಮೇಲೆ, ಪಣಕಹಳ್ಳಿ ಆಚೆಗಿನ ಒಂದು ಸಣ್ಣ ಊರು ನಮ್ಮದು. ಊರು ದಾಟಿದ ಮೇಲೆ ಹಳ್ಳ. ಹಳ್ಳದ ದಡದಲ್ಲಿ ನಮ್ಮ ಕೇರಿ. ಗರಗಸದ ಒಂದು ಹಿಡಿ ನನ್ನದು, ಇನ್ನೊಂದು ಹಿಡಿ ಚನ್ನಯ್ಯನದು. ಚನ್ನಯ್ಯ ನನ್ನ ಹೆಂಡತಿ ಪುಟ್ಟನಂಜಮ್ಮನ ಅಣ್ಣ. ಅವನು ಎಳೆದರೆ ನಾನು ಬಿಡಬೇಕು, ನಾನು ಎಳೆದರೆ ಅವನು ಬಿಡಬೇಕು. ಬೆಳಿಗ್ಗೆಯಿಂದ ಸಂಜೆ ತನಕ ಅದೇ. ಅಂಗೈ ಚರ್ಮ ಚಪ್ಪಲಿ ಅಟ್ಟೆಯಂತೆ ದಪ್ಪಗಾಗಿದೆ. ಬೀಟೆ ಮರದ ಪುಡಿ ಬೆವರಿಗೆ ಹತ್ತಿದರೆ ಮೈಯೆಲ್ಲ ನವೆ, ಕೆರೆದು ಕೆರೆದು ರಕ್ತ ಬರುತ್ತದೆ. ಆ ಮರದಲ್ಲಿ ಮಾಡಿದ ಮಂಚದ ಮೇಲೆ ನಾನು ಯಾವತ್ತೂ ಕೂತಿಲ್ಲ.

ನಮ್ಮ ಮನೆಯ ಹಿಂದೆಯೇ ಒಂದು ಬೀಟೆ ಮರ ಇತ್ತು. ಇಬ್ಬರು ಕೈ ಚಾಚಿ ತಬ್ಬಿದರೂ ಸಿಗದಷ್ಟು ದಪ್ಪ. ಅದಿದ್ದದ್ದು ಪೊರಂಬೋಕು ಜಾಗದಲ್ಲಿ. ಅಂದರೆ ಸರ್ಕಾರದ ಜಾಗ. ನಮ್ಮ ಕೇರಿ ಇರುವುದೂ ಅದೇ ಪೊರಂಬೋಕಿನಲ್ಲಿ. ನಮ್ಮಪ್ಪನ ಕಾಲದಿಂದ ಪಟ್ಟಾ ಕೊಡಿ, ಜಾಗದ ಹಕ್ಕುಪತ್ರ ಕೊಡಿ ಅಂತ ಕೇಳುತ್ತಲೇ ಇದ್ದೇವೆ, ಕೊಟ್ಟಿಲ್ಲ.

ಎರಡು ಸಾವಿರದ ಐದನೇ ಇಸವಿ ಮಳೆಗಾಲದಲ್ಲಿ ಮರದ ಬುಡದಲ್ಲಿ ಅಣಬೆ ಎದ್ದಿತು. ಕೊಡಲಿಯ ಹಿಂಬದಿಯಿಂದ ತಟ್ಟಿ ನೋಡಿದೆ. ಗಟ್ಟಿ ಮರ ಟಣ್ ಅನ್ನಬೇಕು. ಇದು ದೊಪ್ ಅಂದಿತು. ಒಳಗೆ ಪೊಳ್ಳು. ಪಡುವಣ ಕಡೆ ಬೇರಿನ ಹತ್ತಿರ ನೆಲ ಬಿರುಕು ಬಿಟ್ಟು ಎದ್ದಿತ್ತು. ಮರ ಮೂಡಲಿಗೆ ಬಾಗಿತ್ತು. ಮೂಡಲಿಗೆ ಇದ್ದದ್ದು ನಮ್ಮ ಅಡುಗೆ ಮನೆ.

ಚನ್ನಯ್ಯನೂ ತಟ್ಟಿ ನೋಡಿದ.

"ಭಾವ, ಇದು ಜಾಸ್ತಿ ದಿನ ನಿಲ್ಲಕಿಲ್ಲ," ಅಂದ.

"ನಾಳೆನೇ ಉರುಳ್ಸುವ. ಅಗ್ಗ ಕಟ್ಟಿ ಅಳ್ಳದ ಕಡೀಕ ಎಳುದ್ರ ಆಯ್ತು," ಅಂದೆ.

"ಮಾದಯ್ಯನ ಕೈ ಮರ್ತೋಯ್ತ?"

ಮಾದಯ್ಯ ನಮ್ಮ ಕೇರಿಯವನೇ. ನೇಗಿಲಿಗೆ ಅಂತ ಬೀಟೆಯ ಒಂದು ಕೊಂಬೆ ಕಡಿದಿದ್ದ. ಅರಣ್ಯದವರು ಆರು ದಿನ ಕೂಡಿಹಾಕಿದರು. ಬಂದಾಗ ಬಲಗೈ ಬೆರಳು ಮಡಚುತ್ತಿರಲಿಲ್ಲ. ಇವತ್ತಿಗೂ ಮಡಚುವುದಿಲ್ಲ. ಎಡಗೈಯಲ್ಲಿ ಉಣ್ಣುತ್ತಾನೆ.

ಬೀಟೆ ಮರಕ್ಕೆ ಕಾನೂನು ಇದೆ. ಯಾರ ಜಮೀನಿನಲ್ಲಿದ್ದರೂ ಅಪ್ಪಣೆ ಇಲ್ಲದೆ ಕುಯ್ಯುವ ಹಾಗಿಲ್ಲ. ಕಾನೂನು ಬೇಡ ಅಂತ ನಾನು ಹೇಳುವುದಿಲ್ಲ. ಎಷ್ಟು ಮರ ಲಾರಿ ಹತ್ತಿ ಹೋಗಿವೆ ಅಂತ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಕುಯ್ದವನು ನಾನೇ. ಅಪ್ಪಣೆ ಹೇಗೆ ಬರುತ್ತದೆ ಅನ್ನುವುದೂ ನನಗೆ ಗೊತ್ತಿತ್ತು. ಊರಿನ ಮಹದೇವಸ್ವಾಮಿಯವರ ಹೊಲದ ಬದುವಿನಲ್ಲಿ ನಾಲ್ಕು ಬೀಟೆ ಇದ್ದವು. ನಾಲ್ಕೂ ಗಟ್ಟಿ ಮರ. ಮಗಳ ಮದುವೆ ಅಂತ ಅರ್ಜಿ ಕೊಟ್ಟರು. ಒಂದು ತಿಂಗಳಲ್ಲಿ ಅಪ್ಪಣೆ ಬಂತು. ನಾನೂ ಚನ್ನಯ್ಯನೂ ಒಂಬತ್ತು ದಿನ ಕುಯ್ದೆವು. ಲಾರಿಯವರಿಗೆ ಸ್ಟೀಲ್ ಲೋಟದಲ್ಲಿ ಟೀ ಕೊಟ್ಟರು, ನಮಗೆ ಪ್ಲಾಸ್ಟಿಕ್ ಲೋಟದಲ್ಲಿ.

ಹಾಗಾಗಿ ನಾನೂ ಮನು ಬರೆಸಿದೆ. ಅರ್ಜಿಗೆ ನಮ್ಮ ಕಡೆ ಮನು ಅಂತಾರೆ. ಬರೆದವಳು ನನ್ನ ಮಗಳು ಪ್ರೇಮ. ಅವಳು ಆಗ ಏಳನೇ ಕ್ಲಾಸು, ತಮಿಳು ಮೀಡಿಯಂ. ಒಲೆ ಮುಂದೆ ಕೂತು ಬರೆದಳು. ಪುಟ್ಟನಂಜಮ್ಮ ಹಿಟ್ಟು ತಿರುವುತ್ತಾ ಹೇಳಿಕೊಟ್ಟಳು.

"ಉದ್ದುಕ್ಕ ಬರಿಬ್ಯಾಡ ಮಗ. ಮರ ಬಾಗದ, ಕೆಳಗ ಮನ ಅದ, ಒಳಗ ಜನ ಅವ್ರೆ. ಅಷ್ಟೇ ಬರಿ."

ಅಷ್ಟೇ ಬರೆದಳು.

ಆ ಕಾಗದ ಹಿಡಿದು ಎಷ್ಟು ಕಡೆ ನಿಂತೆ. ಊರಿನ ಕಂದಾಯದವರು ಕಾಗದ ಕೈಯಲ್ಲಿ ಈಸಿಕೊಳ್ಳಲಿಲ್ಲ, ಜಗುಲಿ ಮೇಲೆ ಮಡಗು ಅಂದರು. ಮರ ನಮ್ಮದಲ್ಲ, ಅರಣ್ಯದವರದು ಅಂದರು. ಅರಣ್ಯದವರು ಜಾಗ ನಮ್ಮದಲ್ಲ, ಕಂದಾಯದವರದು ಅಂದರು. ದಿಂಬಂ ಘಾಟಿ ಇಳಿದು ಅರಣ್ಯದವರ ದೊಡ್ಡ ಆಫೀಸಿಗೂ ಹೋದೆ. ಇಪ್ಪತ್ತೇಳು ತಿರುವು. ಪ್ರತಿ ಸಲ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು, ಬಾಯಿ ಮುಕ್ಕಳಿಸಿ, ಟವೆಲ್ಲು ಹೆಗಲಿಂದ ಇಳಿಸಿ ಕಂಕುಳಲ್ಲಿ ಇಟ್ಟುಕೊಂಡು ಬಾಗಿಲ ಹೊರಗೆ ನಿಲ್ಲುತ್ತಿದ್ದೆ. ಮೂರು ಸಲ ಹೋದೆ, ಮೂರು ಮನು ಕೊಟ್ಟೆ. ಮೂರನೇ ಸಲ ಒಬ್ಬ ಅಧಿಕಾರಿ ತಲೆ ಎತ್ತಿ ನೋಡಿದರು.

"ಮರದಲ್ಲಿ ಎಲೆ ಇದೆಯಾ?"

"ಅದ ಸಾರ್. ಆದ್ರ ಒಳಗ ಪೊಳ್ಳು."

"ಎಲೆ ಇದ್ದರೆ ಜೀವ ಇದೆ. ಜೀವ ಇರುವ ಮರ ಕಡಿಯಲು ಆಗಲ್ಲ. ನಿನ್ನ ಮನೆ ಇರುವುದೇ ಪೊರಂಬೋಕಿನಲ್ಲಿ. ಮರ ಮೊದಲಿಂದ ಇತ್ತು. ಮನೆಯನ್ನೇ ಬೇರೆ ಕಡೆ ಹಾಕಿಕೋ."

"ಎಲ್ಲಿ ಆಕ್ಕಳ್ಲಿ ಸಾರ್?"

ಅವರು ಮುಂದಿನವನನ್ನು ಕರೆದರು.

ಆದರೂ ಆ ಮನುವಿನಿಂದ ಒಂದು ಕೆಲಸ ಆಯಿತು. ಎರಡು ತಿಂಗಳ ಮೇಲೆ ಅರಣ್ಯದ ಕಡೆಯಿಂದ ಇಬ್ಬರು ಬಂದರು. ಮರಕ್ಕೆ ಟೇಪು ಸುತ್ತಿ ಅಳತೆ ತೆಗೆದರು. ತೊಗಟೆ ಕೆತ್ತಿ, ಬಿಳಿ ಬಣ್ಣದಲ್ಲಿ ಹದಿನೇಳು ಅಂತ ನಂಬರ್ ಬರೆದು ಹೋದರು. ಪಟ್ಟಾ ಇಲ್ಲ ಅಂತ ನಮ್ಮ ಮನೆಗೆ ಇವತ್ತಿಗೂ ನಂಬರ್ ಇಲ್ಲ. ಮರಕ್ಕೆ ಬಂತು.

ಮಹದೇವಸ್ವಾಮಿಯವರನ್ನೂ ಕೇಳಿಕೊಂಡೆ. "ಒಂದು ಮಾತು ಯೋಳಿ ಬುದ್ಧಿ, ನಿಮ್ಮ ಮಾತು ಕೇಳ್ತಾರ," ಅಂದೆ.

"ನಂದೇ ಮರ ಆಗಿದ್ರ ಯೋಳ್ಬೋದಿತ್ತು ಕಣ್ಲಾ. ಸರ್ಕಾರದ ಮರುಕ್ಕ ನಾನು ಯಾಕ ಬಾಯಾಕ್ಲಿ?" ಅಂದರು. ಆಮೇಲೆ ಕೊಟ್ಟಿಗೆಯ ತೊಲೆ ಕುಯ್ಯುವುದಿದೆ, ಸೋಮವಾರ ಬಾ ಅಂದರು. ಹೋದೆ. ಕುಯ್ದೆ.

ಪುಟ್ಟನಂಜಮ್ಮ ಅವತ್ತೇ ಒಲೆಯನ್ನು ಮರದಿಂದ ದೂರಕ್ಕೆ, ಮುಂದಿನ ಗೋಡೆಗೆ ತಂದು ಹಾಕಿದಳು. ಗಾಳಿ ಬಂದರೆ ಪ್ರೇಮಳನ್ನು ಕರೆದುಕೊಂಡು ಅಣ್ಣನ ಮನೆಗೆ ಹೋಗುತ್ತಿದ್ದಳು. ಎರಡು ವರ್ಷ ಹಾಗೆ ಬಾಳಿದೆವು.

ಎರಡು ಸಾವಿರದ ಏಳು, ಯುಗಾದಿ ಆಗಿ ಮೂರು ವಾರ. ನಾನೂ ಚನ್ನಯ್ಯನೂ ಪಣಕಹಳ್ಳಿಯಲ್ಲಿ ಒಂದು ಹಲಸಿನ ಮರ ಕುಯ್ಯುತ್ತಿದ್ದೆವು. ಮಧ್ಯಾಹ್ನ ಮೂರು ಗಂಟೆಗೆ ಗಾಳಿ ಎದ್ದಿತು. ಆನೆಕಲ್ಲು ಮಳೆ ಹೊಡೆಯಿತು. ಕೆಲಸ ಬಿಟ್ಟು ಒಂದು ಮೋಟರ್ ಶೆಡ್ಡಿನಲ್ಲಿ ನಿಂತೆವು. ಮಳೆ ನಿಂತ ಮೇಲೆ ಗರಗಸ ಹೊತ್ತು ನಡೆದುಕೊಂಡು ಬಂದೆವು. ಕೇರಿ ಹತ್ತಿರ ಬಂದಾಗ ಮರದ ತುದಿ ಕಾಣಲಿಲ್ಲ. ಯಾವಾಗಲೂ ದೂರದಿಂದಲೇ ಕಾಣುತ್ತಿತ್ತು.

ಓಡಿದೆವು.

ಅಡುಗೆ ಮನೆ ಇರಲಿಲ್ಲ. ಗೋಡೆ, ಹೆಂಚು, ಜಂತೆ ಎಲ್ಲ ಒಂದೇ ಗುಡ್ಡೆ. ಅದರ ಮೇಲೆ ಮರ ಮಲಗಿತ್ತು. ಕೂಲಿಯಿಂದ ಜ್ವರ ಅಂತ ಅರ್ಧ ದಿನಕ್ಕೇ ಬಂದಿದ್ದಳಂತೆ ಪುಟ್ಟನಂಜಮ್ಮ. ಹಿಟ್ಟಿಗೆ ನೀರಿಟ್ಟು ಅಲ್ಲೇ ಒರಗಿದ್ದಳಂತೆ. ಗಾಳಿ ಬಂದಾಗ ನಿದ್ದೆ ಹತ್ತಿತ್ತೋ ಏನೋ.

ಹೆಂಚು ಬಗೆದು ತೆಗೆದಾಗ ಅವಳ ಮುಖ ಸಿಕ್ಕಿತು. ಎದೆ ತನಕ ಹೊರಗಿದ್ದಳು. ಸೊಂಟದ ಮೇಲೆ ಮರ. ಕಣ್ಣು ಬಿಟ್ಟಳು.

"ಪ್ರೇಮ ಎಲ್ಲಿ?"

"ಇಸ್ಕೂಲಲ್ಲಿ ಅವ್ಳೆ. ಇನ್ನೂ ಬರ್ನಿಲ್ಲ."

"ಒಲ ಮ್ಯಾಲ ನೀರದ. ನೋಡು."

ಒಲೆ ಮಣ್ಣಿನಡಿ ಹೋಗಿತ್ತು. ನೋಡ್ತೀನಿ ಅಂದೆ.

ಕೇರಿಯವರೆಲ್ಲ ಸೇರಿ ಎತ್ತಲು ನೋಡಿದರು. ಹಾರೆ ಹಾಕಿ ಮೀಟಿದರು. ಬೀಟೆ ಅಂದರೆ ಕಬ್ಬಿಣದ ತೂಕ. ಒಂದು ಬೆರಳಿನಷ್ಟೂ ಅಲುಗಲಿಲ್ಲ. ಎರಡು ಕಡೆ ಕುಯ್ದು ನಡುವಿನ ತುಂಡು ಉರುಳಿಸಬೇಕು, ಬೇರೆ ದಾರಿ ಇರಲಿಲ್ಲ. ಚನ್ನಯ್ಯ ಗರಗಸಕ್ಕೆ ಸೀಮೆಎಣ್ಣೆ ಸವರಿದ. ನಾನು ಕುಕ್ಕರಗಾಲಲ್ಲಿ ಕೂತು ಹಿಡಿ ಹಿಡಿದೆ.

ಆಗ ಮಣಿಕಂಠ ಬಂದ. ಅರಣ್ಯದವರ ಹತ್ತಿರ ದಿನಗೂಲಿ ವಾಚರ್. ಪಕ್ಕದ ಊರಿನ ಕೇರಿಯವನು. ನಮ್ಮವನೇ, ದೂರದ ಸಂಬಂಧ, ಎರಡು ಮಕ್ಕಳ ತಂದೆ. ಅವನ ಕೈಯಲ್ಲಿ ಫೋನ್ ಇತ್ತು.

"ಮಾವ, ನಿಲ್ಸಿ. ಇದು ನಂಬರ್ ಮರ. ಸಾರ್‌ಗ ಫೋನ್ ಮಾಡಿವ್ನಿ. ಬತ್ತಾವ್ರೆ. ಅವ್ರು ಬರಗಂಟ ಗರಗಸ ಆಕ್ಬ್ಯಾಡಿ ಅಂದ್ರು."

"ಒಳಗ ಜೀವ ಅದ ಕಣಪ್ಪ," ಅಂದ ಚನ್ನಯ್ಯ.

"ಯೋಳ್ದೆ. ಅರ್ಧ ಗಂಟ, ಬಂದೆ ಅಂದ್ರು. ಮೀರಿ ಕುಯ್ದ್ರ ಎಲ್ಲಾರ್ ಮ್ಯಾಲೂ ಕೇಸಾಯ್ತದ. ನನ್ನ ಕೆಲ್ಸನೂ ಓಯ್ತದ ಮಾವ."

ಮಾದಯ್ಯ ತನ್ನ ಬಲಗೈಯನ್ನು ಪಂಚೆಯೊಳಗೆ ಇಟ್ಟುಕೊಂಡ.

ನಾನು ನಿಲ್ಲಿಸಿದೆ.

ಇದನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ. ಗರಗಸ ನನ್ನ ಕೈಯಲ್ಲಿತ್ತು. ಹಲ್ಲು ತೊಗಟೆಗೆ ತಾಗಿತ್ತು. ನನ್ನ ಹೆಂಡತಿ ನನ್ನ ಕಾಲ ಹತ್ತಿರ ಇದ್ದಳು. ನಾನು ಸಾಹೇಬರಿಗೆ ಕಾದೆ.

ಅವಳು ನೀರು ಕೇಳಿದಳು. ಟವೆಲ್ಲು ಅದ್ದಿ ತುಟಿಗೆ ಹಿಂಡಿದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು.

"ಕುಯ್ಯಿ. ಯಾಕ ಕೂತಿದ್ದಯ್?"

"ಸಾಹೇಬ್ರು ಬತ್ತಾವ್ರೆ."

"ಅಂಗ?" ಅಂದಳು. ಮತ್ತೆ ಕೇಳಲಿಲ್ಲ.

ಅರ್ಧ ಗಂಟೆ ಆಯಿತು. ರಸ್ತೆಯಲ್ಲಿ ಜೀಪು ಕಾಣಲಿಲ್ಲ. ಮಣಿಕಂಠ ಮತ್ತೆ ಫೋನ್ ಮಾಡಿದ, ಯಾರೂ ಎತ್ತಲಿಲ್ಲ. ಪುಟ್ಟನಂಜಮ್ಮನ ತುಟಿ ಬೆಳ್ಳಗಾಗಿತ್ತು. ಚನ್ನಯ್ಯ ಆ ಕಡೆಯಿಂದ ಗರಗಸ ಎಳೆದ. ನಾನೂ ಎಳೆದೆ. ಮಣಿಕಂಠ ಬಾಯಿ ತೆರೆದ. ಕೇರಿಯ ಹೆಂಗಸರು ಅವನ ಮುಂದೆ ಬಂದು ನಿಂತರು.

ಒಂದೊಂದು ಎಳೆತಕ್ಕೂ ಮರ ಅದುರುತ್ತಿತ್ತು. ಅದುರಿದರೆ ಅವಳಿಗೆ ನೋವು. ನಿಧಾನ ಮಾಡಿದರೆ ಹೊತ್ತಿಲ್ಲ. ಅವಳು ಒಂದು ಕೈಯಲ್ಲಿ ನನ್ನ ಕಾಲಿನ ಗಿಣ್ಣು ಹಿಡಿದುಕೊಂಡಿದ್ದಳು. ಮೊದಲ ಕುಯ್ತ ಮುಗಿಯಿತು. ಗರಗಸ ಕಿತ್ತು ಆ ಕಡೆಗೆ ಹಾಕಿದೆವು. ಕೆಂಪು ಪುಡಿ ಅವಳ ಕೂದಲ ಮೇಲೆ, ಹಣೆ ಮೇಲೆ ಬೀಳುತ್ತಿತ್ತು. ಪ್ರೇಮಳ ದನಿ ಹಿಂದಿನಿಂದ ಕೇಳಿಸಿತು, ಸ್ಕೂಲಿಂದ ಬಂದಿದ್ದಳು. ತಿರುಗಿ ನೋಡಲಿಲ್ಲ. ಎರಡನೇ ಕುಯ್ತ ಅರ್ಧಕ್ಕೆ ಬಂದಾಗ ಕಾಲ ಮೇಲಿನ ಹಿಡಿತ ಸಡಿಲವಾಯಿತು. ಗೊತ್ತಾಯಿತು. ಆದರೂ ಎಳೆದೆ. ಪೂರಾ ಕುಯ್ಯುವ ತನಕ ಇಬ್ಬರೂ ನಿಲ್ಲಿಸಲಿಲ್ಲ.

ಸಾಹೇಬರು ಹೊತ್ತು ಮುಳುಗುವಾಗ ಬಂದರು. ಬೇರೆ ಕಡೆ ರಸ್ತೆಗೆ ಮರ ಬಿದ್ದಿತ್ತಂತೆ. ಹೆಣದ ಮುಂದೆ ಟೋಪಿ ತೆಗೆದು ನಿಂತರು. ಆಮೇಲೆ ಟೋಪಿ ಹಾಕಿಕೊಂಡು, ಟೇಪು ತರಿಸಿ ಮರ ಅಳೆದರು.

ಅವಳನ್ನು ಹಳ್ಳದ ಆಚೆ ಮಣ್ಣು ಮಾಡಿದೆವು. ಐದನೇ ದಿನ ಲಾರಿ ಬಂತು. ಜೊತೆಗೆ ಫಾರೆಸ್ಟರು, ಅವತ್ತು ಬಂದಿದ್ದ ಸಾಹೇಬರೇ. ಮರ ಇನ್ನೂ ನಮ್ಮ ಮನೆಯ ಮೇಲೇ ಇತ್ತು. ಫಾರೆಸ್ಟರು ಒಂದು ಕಾಗದ ತೆಗೆದು ಮರದ ಮೇಲೆ ಹರಡಿದರು.

"ನೋಡು ರಾಚ, ನಿನ್ನ ಕಷ್ಟ ನಮಗೂ ಗೊತ್ತು. ಆದರೆ ಕುಯ್ದ ಗುರುತು ಇದೆ, ಬರೆಯದೆ ಇದ್ದರೆ ನಮ್ಮ ಕೆಲಸ ಹೋಗುತ್ತದೆ. ಅಪ್ಪಣೆ ಇಲ್ಲದೆ ಹಸಿ ಬೀಟೆ ಕುಯ್ದೆ ಅಂತ ಇದರಲ್ಲಿ ಇದೆ. ಸೈನ್ ಹಾಕು. ನೀನೂ ಚನ್ನಯ್ಯನೂ ಉಳಿದದ್ದನ್ನು ಮೂರು ತುಂಡು ಮಾಡಿ ಲಾರಿಗೆ ಏರಿಸಿಬಿಡಿ. ಸಣ್ಣ ಕೇಸಾಗಿ ಮುಗಿಸ್ತೀವಿ."

ಪ್ರೇಮ ಕಾಗದ ಈಸಿಕೊಂಡು ಓದಿದಳು. ಎರಡು ಸಲ ಓದಿದಳು.

"ಅವ್ವನ ಇಸ್ಯನೇ ಇಲ್ಲ ಇದ್ರಲ್ಲಿ," ಅಂದಳು.

ನಾನು ಫಾರೆಸ್ಟರ ಮುಖ ನೋಡಿದೆ. ಮೂವತ್ತು ವರ್ಷದಲ್ಲಿ ಅಂಥವರ ಮುಖವನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು.

"ಸೈನ್ ಆಕಲ್ಲ. ಕುಯ್ಯಲ್ಲ. ಏರ್ಸಲ್ಲ," ಅಂದೆ.

"ಏನಂದೆ?"

"ಅವತ್ತು ಕುಯ್ಬ್ಯಾಡ ಅಂದ್ರಿ. ಇವತ್ತು ಕುಯ್ಯಿ ಅಂತೀರಿ. ನಾನು ಅವತ್ತು ನಿಮ್ಮ ಮಾತು ಕೇಳ್ದೆ. ಇನ್ಮ್ಯಾಲ ಕೇಳಲ್ಲ."

ಕೆನ್ನೆಗೆ ಬಿತ್ತು. ನಾನು ಅಲ್ಲಾಡಲಿಲ್ಲ. ಚನ್ನಯ್ಯ ಗರಗಸ ತಂದು ಫಾರೆಸ್ಟರ ಕಾಲ ಮುಂದೆ ಮಡಗಿದ.

"ನೀವೇ ಕುಯ್ಕಳಿ," ಅಂದ.

ಕೇರಿಯಲ್ಲಿ ಬೇರೆ ಯಾರೂ ಮುಂದೆ ಬರಲಿಲ್ಲ. ಊರಿನವರು ಹೆಣ ಬಿದ್ದ ಮರ ಮುಟ್ಟುವುದಿಲ್ಲ. ಲಾರಿ ಖಾಲಿ ಹೋಯಿತು. ನಾನೂ ಗರಗಸವೂ ಜೀಪಿನಲ್ಲಿ ಹೋದೆವು.

ಕೇಸು ನನ್ನೊಬ್ಬನ ಮೇಲೇ ಬಂತು. ಜಾಮೀನು, ವಾಯಿದೆ, ಮತ್ತೆ ವಾಯಿದೆ. ಒಂದು ವರ್ಷ ಘಾಟಿ ಇಳಿದು ಹತ್ತಿದೆ. ವಕೀಲರು ಒಳ್ಳೆಯವರೇ. "ತಪ್ಪಾಯಿತು ಅಂದುಬಿಡು, ದಂಡ ಕಟ್ಟಿ ಮನೆಗೆ ಹೋಗು," ಅಂದರು. ಕೇರಿಯವರು ದಂಡದ ದುಡ್ಡು ಕೂಡಿಸಿ ಪ್ರೇಮಳ ಕೈಗೆ ಕೊಟ್ಟಿದ್ದರು.

ಮ್ಯಾಜಿಸ್ಟ್ರೇಟರು ಹೆಂಗಸು. "ಮರಂ ವೆಟ್ಟಿನೀಂಗಳಾ?" ಅಂದರು. ಮರ ಕಡಿದೆಯಾ ಅಂತ. ನನಗೆ ತಮಿಳು ಬರುತ್ತದೆ, ಸಂತೆಗೆ ಸಾಕಾಗುವಷ್ಟು. ಪುಟ್ಟನಂಜಮ್ಮನ ವಿಷಯ ಹೇಳುವಷ್ಟು ಬರುವುದಿಲ್ಲ. ಕನ್ನಡದಲ್ಲೇ ಹೇಳಿದೆ. ಪ್ರೇಮ ಪಕ್ಕದಲ್ಲಿ ನಿಂತು ತಮಿಳಿನಲ್ಲಿ ಹೇಳಿದಳು.

"ಕುಯ್ದೆ ಅಮ್ಮ. ಅರ್ಧ ಗಂಟ ತಡವಾಗಿ ಕುಯ್ದೆ. ಅದು ನನ್ನ ತಪ್ಪು. ಅದುಕ್ಕ ಸಿಕ್ಸ ಕೊಡಿ, ಒಪ್ಕತೀನಿ. ಮರ ಕುಯ್ದುದ್ದುಕ್ಕ ಒಪ್ಕಳ್ಳಲ್ಲ."

ಅವರು ಪ್ರೇಮಳಿಗೆ ಇನ್ನೊಮ್ಮೆ ಹೇಳು ಅಂದರು. ಅವಳು ಇನ್ನೊಮ್ಮೆ ಹೇಳಿದಳು. ಮ್ಯಾಜಿಸ್ಟ್ರೇಟರು ಫೈಲು ತಿರುವಿದರು. ಅಷ್ಟಕ್ಕೆಲ್ಲ ಕಾನೂನಿನಲ್ಲಿ ಜಾಗ ಇಲ್ಲ, ಕುಯ್ದದ್ದನ್ನು ನೀನೇ ಒಪ್ಪಿದ್ದೀಯ ಅಂದರು. ದಂಡ, ಇಲ್ಲವಾದರೆ ಹದಿನೈದು ದಿನ. ಹೊರಗೆ ಬಂದ ಮೇಲೆ ಪ್ರೇಮ ಆರ್ಡರಿನ ನಕಲು ಓದಿದಳು. ನನ್ನ ಮಾತು ಒಂದೂ ಇರಲಿಲ್ಲ. ಆರೋಪಿ ಕುಯ್ದದ್ದನ್ನು ಒಪ್ಪಿಕೊಂಡ ಅಂತ ಒಂದು ಸಾಲು.

"ದಂಡ ಕಟ್ಟುಬುಡವ ಅಪ್ಪ," ಅಂದಳು.

"ಬ್ಯಾಡ ಮಗ. ಕಟ್ಟುದ್ರ ಅದ ನಿಜ ಆಯ್ತದ. ಆ ದುಡ್ಡ ಕೇರಿಯವ್ರಿಗ ವಾಪಸ್ ಕೊಡು. ಮಾವನ ಮನೇಲಿರು."

ಹದಿನೈದು ದಿನ ಒಳಗಿದ್ದೆ. ಅಲ್ಲಿ ಕೆಲಸ ಇರಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಮೈಗೆ ಬಿಡುವು ಸಿಕ್ಕಿತು. ಅದಕ್ಕೇ ಕಷ್ಟವಾಯಿತು. ಮೈ ದಣಿದಿದ್ದರೆ ತಲೆ ಸುಮ್ಮನಿರುತ್ತದೆ. ದಣಿಯದ ಮೈಯಲ್ಲಿ ಆ ಅರ್ಧ ಗಂಟೆ ದಿನಾ ಬರುತ್ತಿತ್ತು. ಅವಳು "ಅಂಗ?" ಅಂದದ್ದು ಬರುತ್ತಿತ್ತು. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಸಾಹೇಬರು ಬರುತ್ತಾರೆ ಅಂದರೆ ಕಾಯಬೇಕು ಅಂತ ಅವಳಿಗೂ ಕಲಿಸಿದ್ದರು.

ಬಂದ ಮೇಲೆ ಆಷಾಢದ ಗಾಳಿ ಶುರುವಾಯಿತು. ಮಾದಯ್ಯನ ಮನೆಯ ಹಿಂದೆ ಒಂದು ಹೊನ್ನೆ ಮರ ಬೇರು ಸಡಿಲಾಗಿ ಮನೆಯ ಕಡೆಗೆ ವಾಲಿತು. ಅದೂ ಪೊರಂಬೋಕಿನ ಮರ. ಆ ಮನೆಯಲ್ಲಿ ಮಾದಯ್ಯನ ಸೊಸೆ ನಂಜುಂಡಮ್ಮ ಮೂರು ವಾರದ ಬಾಣಂತಿ. ಮಾದಯ್ಯ ನನ್ನ ಹತ್ತಿರ ಬಂದ. ಮನು ಬರೆಸಿಕೊಡು ಅಂತ ಕೇಳಲು ಬಂದಿದ್ದ.

ನಾನು ಚನ್ನಯ್ಯನನ್ನು ಕರೆದೆ. ನಮ್ಮ ಗರಗಸ ಇನ್ನೂ ಕೋರ್ಟಿನಲ್ಲಿತ್ತು. ಪಣಕಹಳ್ಳಿಗೆ ಹೋಗಿ ಒಂದು ಎರವಲು ತಂದೆವು. ಹಗಲು ಹನ್ನೊಂದು ಗಂಟೆ. ಕೇರಿಯವರೆಲ್ಲ ಹಗ್ಗ ಹಿಡಿದರು. ಮಾದಯ್ಯ ಎಡಗೈಗೆ ಹಗ್ಗ ಸುತ್ತಿಕೊಂಡ. ಯಾರೋ ಹೇಳಿರಬೇಕು, ಮಣಿಕಂಠ ಸೈಕಲ್ ತುಳಿದುಕೊಂಡು ಬಂದ. ಪುಟ್ಟನಂಜಮ್ಮ ಸತ್ತ ದಿನದಿಂದ ಅವನು ನನ್ನ ಎದುರು ಬಂದಿರಲಿಲ್ಲ.

"ಮಾವ, ನಾನು ಬರ್ಕೊಬೇಕಾಯ್ತದ," ಅಂದ.

"ಬರ್ಕೊ. ಮೊದಲು ಮರ ಬೀಳ್ಲಿ."

ಅವನು ಸೈಕಲ್ ಗೋಡೆಗೆ ಒರಗಿಸಿದ. ಫೋನ್ ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ. ಬಂದು ಹಗ್ಗದ ತುದಿ ಹಿಡಿದ.

ಮರ ಹಳ್ಳದ ಕಡೆಗೆ ಬಿತ್ತು. ಬರೀ ನೆಲದ ಮೇಲೆ ಬಿತ್ತು. ಅದರ ಕೆಳಗೆ ಯಾರೂ ಇರಲಿಲ್ಲ. ಒಳಗೆ ಮಗು ಒಂದು ಸಲ ಅತ್ತು ಸುಮ್ಮನಾಯಿತು.

"ಎಷ್ಟೊತ್ತಾಯ್ತು?" ಅಂತ ಚನ್ನಯ್ಯನನ್ನು ಕೇಳಿದೆ.

ಅವನು ಮಣಿಕಂಠನ ಗಡಿಯಾರ ನೋಡಿದ. ಹೇಳಲು ಹಿಂದೆಮುಂದೆ ನೋಡಿದ.

"ಅರ್ಧ ಗಂಟ ಭಾವ," ಅಂದ.

ನಾನು ಕುಯ್ದ ಬುಡದ ಮೇಲೆ ಕೂತೆ. ಹೆಂಡತಿಯನ್ನು ಮಣ್ಣು ಮಾಡುವಾಗ ಬಾರದ ಅಳು ಅಲ್ಲಿ ಬಂತು. ಕೇರಿಯವರು ಕೊಂಬೆ ಎಳೆಯುವುದನ್ನು ನಿಲ್ಲಿಸಿ ನಿಂತರು. ಪ್ರೇಮ ಬಂದು ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂತಳು. ಮಣಿಕಂಠ ಪುಸ್ತಕ ತೆಗೆದು, ಪೆನ್ನು ಹಿಡಿದು, ನಾನು ಅತ್ತು ಮುಗಿಸಲಿ ಅಂತ ಕಾಯುತ್ತಾ ನಿಂತಿದ್ದ.